ಮಿಲಿಮೀಟರಿನ ಲೆಕ್ಕಕ್ಕೆ ಸಿಗದ ಹೊಳವು

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಪುತ್ತೂರು ಅಥವಾ ಸುಳ್ಯದ ಕಡೆಯ ಅಡಿಕೆ ತೋಟದ ಮನೆಗೆ ಹೋದರೆ ಅಂಗಳದ ಮೂಲೆಯಲ್ಲಿ ಎರಡು ಡ್ರಮ್ಮುಗಳು ಕಾಣುತ್ತವೆ. ಒಂದರಲ್ಲಿ ಹಿಂದಿನ ರಾತ್ರಿಯೇ ಗೋಣಿಯ ತುಂಡಿನಲ್ಲಿ ಕಟ್ಟಿ ಇಳಿಬಿಟ್ಟ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿ ನೀರು ಕಡುನೀಲಿಯಾಗಿರುತ್ತದೆ. ಇನ್ನೊಂದರಲ್ಲಿ ಅಷ್ಟೇ ತೂಕದ ಸುಣ್ಣ ಅರಳಿ ಹಾಲಿನಂತಾಗಿರುತ್ತದೆ. ಎರಡೂ ಸೇರಿ 100 ಲೀಟರ್ ಆದಾಗ, ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಮದ್ದಾದ ಶೇ 1ರ ಬೋರ್ಡೋ ದ್ರಾವಣ ಸಿದ್ಧ. ಅದಕ್ಕೆ ಕತ್ತಿಯ ಅಲಗನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಬೀಳುತ್ತದೆ. ಇಷ್ಟಾದ ಮೇಲೆ ಮನೆಯವರೂ, ಮದ್ದು ಬಿಡಲು ಬಂದವರೂ ಮಾಡುವ ಕೆಲಸ ಒಂದೇ, ಪಡುವಣದ ಆಕಾಶ ನೋಡುತ್ತಾ ನಿಲ್ಲುವುದು. ಕಲಸಿದ ದ್ರಾವಣವನ್ನು ಅಂದೇ ಮುಗಿಸಬೇಕು, ನಾಳೆಗೆ ಇಟ್ಟರೆ ಅದರ ಗುಣ ಹೋಗುತ್ತದೆ. ಮರದ ತುದಿಯ ಗೊನೆಗೆ ಬಿದ್ದ ಮದ್ದು ಒಣಗಿ ಹಿಡಿದುಕೊಳ್ಳಲು ಒಂದೆರಡು ಗಂಟೆಯಾದರೂ ಮಳೆ ಬಿಟ್ಟಿರಬೇಕು.

ಮಳೆ ಹಾಗೆ ನಡುವೆ ಬಿಟ್ಟು ಆಕಾಶ ತಿಳಿಯಾಗುವುದಕ್ಕೆ ಮಲೆನಾಡು, ಕರಾವಳಿಯ ಕನ್ನಡದಲ್ಲಿ ಹೊಳವು ಎನ್ನುತ್ತಾರೆ. ಹವಾಮಾನದ ಯಾವ ಸರಕಾರಿ ಪಟ್ಟಿಯಲ್ಲೂ ಈ ಪದಕ್ಕೆ ಒಂದು ಅಂಕಣವಿಲ್ಲ. ಎಷ್ಟು ಮಿಲಿಮೀಟರ್ ಬಿತ್ತು, ವಾಡಿಕೆಗಿಂತ ಶೇಕಡ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು ದಿನವೂ ಪ್ರಕಟವಾಗುತ್ತದೆ. ಮಳೆ ಎಷ್ಟು ಹೊತ್ತು ಬಿಟ್ಟಿತ್ತು ಎಂಬುದು ಎಲ್ಲೂ ಪ್ರಕಟವಾಗುವುದಿಲ್ಲ. ದಕ್ಷಿಣ ಕನ್ನಡದಂತಹ, ವರ್ಷವಿಡೀ ಬೆಚ್ಚಗೂ ತೇವವಾಗಿಯೂ ಇರುವ ಹಳ್ಳಿಗಾಡಿನ ಜಿಲ್ಲೆಯಲ್ಲಿ ಬೆಳೆಯ ಅಳಿವು ಉಳಿವನ್ನು ಬಹುಪಾಲು ನಿರ್ಧರಿಸುವುದು ಈ ಎರಡನೆಯ ಲೆಕ್ಕ. ಕಳೆದ ಕೆಲವು ವರ್ಷಗಳ ತೊಂದರೆಯನ್ನು ಮಳೆ ಹೆಚ್ಚಾಯಿತು, ಮಳೆ ಕಡಿಮೆಯಾಯಿತು ಎಂಬ ಎರಡೇ ಮಾತಿನಲ್ಲಿ ಹೇಳಲು ಹೊರಟರೆ ಅದರ ಅರ್ಧದಷ್ಟೂ ಅರ್ಥವಾಗುವುದಿಲ್ಲ.

ಜಿಲ್ಲೆಯ ಹವೆಯನ್ನು ರೂಪಿಸಿರುವುದು ಅದರ ನೆಲದ ಇಳಿಜಾರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಗೋಡೆಯಂತೆ ನಿಂತ ಘಟ್ಟ, ಇವೆರಡರ ನಡುವಿನ ಪಟ್ಟಿ ಹೆಚ್ಚೆಂದರೆ 70–80 ಕಿಲೋಮೀಟರ್. ಜೂನ್‌ನಲ್ಲಿ ಆಫ್ರಿಕಾದ ಸೊಮಾಲಿಯಾ ಕರಾವಳಿಯನ್ನು ಹಾದು ಸಮುದ್ರದ ಮೇಲೆ ಬೀಸಿ ಬರುವ ತೇವದ ಗಾಳಿ ಈ ಗೋಡೆಗೆ ಬಡಿದು ಮೇಲೇರಿ, ತಣಿದು, ತನ್ನ ನೀರನ್ನು ಇಳಿಸುತ್ತದೆ. ಹಾಗಾಗಿ ಕಡಲ ತಡಿಯ ಮಂಗಳೂರಿಗಿಂತ ಘಟ್ಟದ ಬುಡದ ಬೆಳ್ತಂಗಡಿ, ಕಡಬ, ಸುಳ್ಯಗಳಿಗೆ ಮಳೆ ಜಾಸ್ತಿ. ಜಿಲ್ಲೆಯ ವಾರ್ಷಿಕ ಸರಾಸರಿ ಸುಮಾರು 4,000 ಮಿ.ಮೀ.ಗೆ ಹತ್ತಿರ, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಗುತ್ತದೆ. ಆ ಲೆಕ್ಕದಲ್ಲಿ ಇಲ್ಲಿನ ಪ್ರತಿ ಎಕರೆಯ ಮೇಲೂ ವರ್ಷಕ್ಕೆ ಒಂದೂವರೆ ಕೋಟಿ ಲೀಟರಿಗೂ ಮಿಕ್ಕಿ ನೀರು ಸುರಿಯುತ್ತದೆ. ಚಾರ್ಮಾಡಿಯೋ ಶಿರಾಡಿಯೋ ಘಟ್ಟ ಹತ್ತಿ ಆಚೆ ಹಾಸನದತ್ತ ಇಳಿದರೆ ಇದೇ ಗಾಳಿ ಬರಿಗೈಯಲ್ಲಿ ಬೀಸುತ್ತಿರುತ್ತದೆ.

ಇನ್ನು ಸೆಕೆ. ಹೊರಗಿನಿಂದ ಬಂದವರು ಇಲ್ಲಿನ ಉಷ್ಣಾಂಶದ ಅಂಕಿ ನೋಡಿ ಕಲಬುರಗಿಯ 42 ಡಿಗ್ರಿಯ ಮುಂದೆ ಇದೇನು ಮಹಾ ಎಂದುಕೊಳ್ಳುತ್ತಾರೆ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ಹರಿಯುತ್ತದೆ. 33 ಡಿಗ್ರಿ ಉಷ್ಣಾಂಶ, ಶೇ 70ರ ಆರ್ದ್ರತೆ ಇರುವ ಏಪ್ರಿಲ್ ಮಧ್ಯಾಹ್ನ ಮೈಗೆ 40 ಡಿಗ್ರಿಯನ್ನು ದಾಟಿದಂತೆ ತಟ್ಟುತ್ತದೆ. ಹವಾಮಾನ ಇಲಾಖೆ ಉಷ್ಣ ಅಲೆಯನ್ನು ಘೋಷಿಸಲು ಬಯಲು ಪ್ರದೇಶಕ್ಕೆ 40 ಡಿಗ್ರಿಯ ಮಿತಿ ಇಟ್ಟರೆ ಕರಾವಳಿಗೆ 37 ಡಿಗ್ರಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಳ ಎಂಬ ಬೇರೆ ಮಿತಿ ಇಟ್ಟಿರುವುದು ಇದೇ ಕಾರಣಕ್ಕೆ. ಆ ಮಿತಿ ಮೀರುವುದು ನಾವೆಣಿಸಿದಂತೆ ಮೇ ತಿಂಗಳಲ್ಲಿ ಅಲ್ಲ, ಹೆಚ್ಚಾಗಿ ಫೆಬ್ರುವರಿ ಕೊನೆ ಮತ್ತು ಮಾರ್ಚ್ ಆರಂಭದಲ್ಲಿ. 2025ರ ಫೆಬ್ರುವರಿ ಮುಗಿಯುವ ಮೊದಲೇ ಕರಾವಳಿಗೆ ಉಷ್ಣ ಅಲೆಯ ಎಚ್ಚರಿಕೆ ಬಂದಿತ್ತು. ಆ ಹೊತ್ತಿನಲ್ಲಿ ಪೂರ್ವದ ಒಣಗಾಳಿ ಘಟ್ಟದಿಂದ ಕೆಳಗಿಳಿಯುತ್ತದೆ. ಕೆಳಗಿಳಿಯುವ ಒಣಗಾಳಿ ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುತ್ತದೆ. ಅದರ ಒತ್ತಡಕ್ಕೆ ಕಡಲ ಗಾಳಿ ಒಳಗೆ ಬರಲು ಮಧ್ಯಾಹ್ನ ಕಳೆಯುತ್ತದೆ. ಅಡಿಕೆಯ ಹೂಗೊನೆಯಾದ ಹಿಂಗಾರ ಬಿರಿಯುವ, ನಳ್ಳಿ ಎಂಬ ಎಳೆಕಾಯಿ ಕೂರುವ ಕಾಲವೂ ಇದೇ ಆದ್ದರಿಂದ ನೀರು ಕಡಿಮೆಯಾದ ತೋಟಗಳಲ್ಲಿ ಬೆಳಿಗ್ಗೆ ಮರದ ಬುಡ ನೋಡಿದರೆ ಉದುರಿದ ಹಸಿರು ನಳ್ಳಿ ಮುಷ್ಟಿ ತುಂಬ ಸಿಗುತ್ತದೆ.

ಇಂತಹ ಹವೆಯಲ್ಲಿ ಬದುಕಿದ ಜನ ವರ್ಷವನ್ನು ತಮ್ಮದೇ ರೀತಿಯಲ್ಲಿ ಪಾಲು ಮಾಡಿಕೊಂಡಿದ್ದರು. ಘಟ್ಟದ ಮೇಲಿನವರಂತೆ ಇಲ್ಲಿಯೂ ಮಳೆ ನಕ್ಷತ್ರಗಳ ಎಣಿಕೆ ಉಂಟು: ಜೂನ್ 8ರ ಹೊತ್ತಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ, ಆಗಸ್ಟ್ ಆರಂಭದಲ್ಲಿ ಆಶ್ಲೇಷ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆಯನ್ನು ನೇತ್ರಾವತಿಯ ದಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದರ ಜೊತೆಗೆ ತುಳು ತಿಂಗಳುಗಳದ್ದೊಂದು ಲೆಕ್ಕ. ಪಗ್ಗು ತಿಂಗಳಲ್ಲಿ ಹೊಸ ವರ್ಷದ ಬಿಸು, ಬೇಸ್ಯದ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಿನ ಆಟ ಮುಗಿಯಿತು, ಇನ್ನು ಯಾವ ಗಳಿಗೆಯಲ್ಲೂ ಮಳೆ ಹಿಡಿದೀತು ಎಂಬ ತಿಳಿವಳಿಕೆ ಅದರ ಹಿಂದಿದೆ. ಆಮೇಲೆ ಕಾರ್ತೆಲ್‌ನ ಹಿಡಿದ ಮಳೆ, ಅದರ ನಂತರ ಆಟಿ. ಕಟ್ಟಿಟ್ಟ ಹಪ್ಪಳ, ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿಯಲ್ಲಿ ದಿನ ದೂಡುವ ತಿಂಗಳು ಅದು. ಆ ಆಟಿಯ ಬಗ್ಗೆಯೇ ತುಳುವಿನಲ್ಲಿ ಇನ್ನೊಂದು ಗಾದೆ: ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂದು. ಜಡಿಮಳೆಯ ತಿಂಗಳಿಗೆ ಬಿಸಿಲಿನ ಗಾದೆ ಹುಟ್ಟಿದ್ದು ಹೇಗೆ ಎಂದು ಯೋಚಿಸಿದರೆ, ಹಳಬರು ಮಳೆಗಾಲವನ್ನು ಹೊಳವಿನ ಸಮೇತ ಎಣಿಸುತ್ತಿದ್ದರು ಎಂಬುದು ಗೊತ್ತಾಗುತ್ತದೆ.

ನಕ್ಷತ್ರ ತಪ್ಪಿತು, ಕಾಲ ಕೆಟ್ಟಿತು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುವುದರಿಂದ ಇಲ್ಲೊಂದು ಸಣ್ಣ ಲೆಕ್ಕವನ್ನು ಹೇಳಬೇಕು. ಮಳೆ ನಕ್ಷತ್ರದ ಪಂಚಾಂಗ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ ನಿಂತಿದೆ. ಋತುಗಳು ನಿಂತಿರುವುದು ಭೂಮಿಯ ಅಕ್ಷದ ವಾಲುವಿಕೆಯ ಮೇಲೆ. ನಕ್ಷತ್ರದ ವರ್ಷಕ್ಕೂ ಋತುವಿನ ವರ್ಷಕ್ಕೂ ಉದ್ದದಲ್ಲಿ ಸುಮಾರು 20 ನಿಮಿಷಗಳ ವ್ಯತ್ಯಾಸವಿದೆ. ಅದು ಕೂಡುತ್ತಾ ಹೋಗಿ ಸುಮಾರು 72 ವರ್ಷಕ್ಕೊಂದು ದಿನ, ಸಾವಿರ ವರ್ಷಕ್ಕೆ ಒಂದು ಇಡೀ ಮಳೆ ನಕ್ಷತ್ರದಷ್ಟು ಹಿಂದೆ ಮುಂದೆ ಆಗುತ್ತದೆ. ಗಾದೆಗಳು ಎಷ್ಟು ಹಳೆಯವೋ ಅಷ್ಟು ಮಟ್ಟಿಗೆ ಅವು ಋತುವಿನಿಂದ ಸರಿದಿರುವುದು ಸಹಜ. ಆದರೆ ಅಜ್ಜನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಇದರಿಂದ ಆಗುವ ವ್ಯತ್ಯಾಸ ಒಂದು ದಿನದ್ದು ಮಾತ್ರ. ಈಗ ಕಾಣುತ್ತಿರುವ ಏರುಪೇರನ್ನು ಪಂಚಾಂಗದ ತಲೆಗೆ ಕಟ್ಟುವಂತಿಲ್ಲ.

ಏರುಪೇರು ಎಂಥದ್ದು ಎಂದು ತಿಳಿಯಲು ಮೂರು ವರ್ಷಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ. ಅರಬ್ಬಿ ಸಮುದ್ರದಲ್ಲಿ ಎದ್ದ ಬಿಪೊರ್‌ಜಾಯ್ ಚಂಡಮಾರುತ ತೇವವನ್ನು ತನ್ನತ್ತ ಸೆಳೆದುಕೊಂಡು ಉತ್ತರಕ್ಕೆ ಹೋಯಿತು. ಅದೇ ವರ್ಷದ ಆಗಸ್ಟ್, ದೇಶದ ಮಟ್ಟದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎಂದು ದಾಖಲಾಯಿತು, ಕರ್ನಾಟಕದ ಬಹುತೇಕ ತಾಲೂಕುಗಳು ಬರಪೀಡಿತ ಎಂದು ಘೋಷಿಸಲ್ಪಟ್ಟವು. 2024ರಲ್ಲಿ ಮುಂಗಾರು ಮೇ 30ಕ್ಕೇ ಬಂತು. ಜುಲೈಯಲ್ಲಿ ಮಳೆ ಬಿಡುವೇ ಕೊಡಲಿಲ್ಲ. ಆ ತಿಂಗಳು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಶಿರಾಡಿ ಘಟ್ಟದ ರಸ್ತೆಯೂ ರೈಲು ಹಳಿಯೂ ಕೆಟ್ಟು ಸಂಚಾರ ನಿಂತಿತು, ತಿಂಗಳ ಕೊನೆಗೆ ವಯನಾಡಿನ ದುರಂತ ನಡೆಯಿತು. 2025ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಮೇ 24ಕ್ಕೆ, 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಪತ್ತನಾಜೆಯ ದಿನಕ್ಕೇ ಮಳೆ ಹಿಡಿದದ್ದನ್ನು ಕಂಡು ಕೆಲವರು ನಮ್ಮ ಹಿರಿಯರ ಲೆಕ್ಕ ಸರಿಯಾಯಿತು ಎಂದು ಖುಷಿಪಟ್ಟರು. ಮೊದಲ ಮದ್ದು ಬಿಡಲು ದಿನ ಗೊತ್ತುಮಾಡಿಕೊಂಡಿದ್ದ ತೋಟದವರಿಗೆ ಆ ಖುಷಿ ಇರಲಿಲ್ಲ.

ಈ ಮೂರು ವರ್ಷಗಳನ್ನು ನೋಡಿ ದಕ್ಷಿಣ ಕನ್ನಡದ ಮಳೆ ಹೆಚ್ಚುತ್ತಿದೆ ಅಥವಾ ಕುಗ್ಗುತ್ತಿದೆ ಎಂದು ತೀರ್ಪು ಕೊಡುವುದು ಆತುರವಾದೀತು. ಇಲ್ಲಿನ ಮಳೆ ಹಿಂದೆಯೂ ಹದ್ದು ಮೀರಿದ್ದುಂಟು; 1923ರ ಮತ್ತು 1974ರ ನೆರೆಗಳನ್ನು ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರ ಮನೆಗಳಲ್ಲಿ ಇವತ್ತಿಗೂ ನೆನೆಯುತ್ತಾರೆ. ಮಧ್ಯ ಭಾರತದ 1951ರಿಂದ 2000ದವರೆಗಿನ ದಾಖಲೆಗಳಲ್ಲಿ ಸಾಧಾರಣ ಮಳೆಯ ದಿನಗಳು ಕಡಿಮೆಯಾಗಿ ಅತಿ ಭಾರಿ ಮಳೆಯ ದಿನಗಳು ಹೆಚ್ಚಾದದ್ದನ್ನು ವಿಜ್ಞಾನಿಗಳು ತೋರಿಸಿದ್ದಾರೆ, ಆದರೆ ಘಟ್ಟದ ಬುಡದ ಮಳೆಯ ಸ್ವಭಾವವೇ ಬೇರೆಯಾದ್ದರಿಂದ ಅದನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಬಾರದು. ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು: ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಬಿಸಿಯಾದ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ, ಆ ತೇವ ಇಳಿಯುವಾಗ ಒಮ್ಮೆಗೇ ಇಳಿಯುವ ಸಂಭವ ಹೆಚ್ಚುತ್ತದೆ. 2017ರ ಒಖಿಯಿಂದ 2019ರ ಕ್ಯಾರ್, 2021ರ ತೌತೆಯವರೆಗೆ, ಬಂಗಾಳ ಕೊಲ್ಲಿಯ ಸುದ್ದಿ ಎಂದೇ ನಾವು ತಿಳಿದಿದ್ದ ಚಂಡಮಾರುತಗಳು ನಮ್ಮ ಕಡಲಿನ ಸುದ್ದಿಯೂ ಆದವು. ಇದೆಲ್ಲದರಿಂದ ವರ್ಷದ ಮೊತ್ತ ಹೆಚ್ಚು ಬದಲಾಗದೆಯೇ ಅದರ ಹಂಚಿಕೆ ಬದಲಾಗಬಹುದು. ಆಗ ಬೇಡದಲ್ಲಿ ಮೂರು ವಾರದ ಒಣಗಾಲ ಬರುತ್ತದೆ, ಬೇಕಾದಲ್ಲಿ ಮೂರು ಗಂಟೆಯ ಹೊಳವು ಸಿಗುವುದಿಲ್ಲ.

ಹಂಚಿಕೆ ಎಷ್ಟು ಕಠೋರವಾಗಬಹುದು ಎಂಬುದನ್ನು 2019ರ ಬೆಳ್ತಂಗಡಿ ತಾಲೂಕು ಮೂರೇ ತಿಂಗಳಲ್ಲಿ ತೋರಿಸಿತು. ಆ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಯಾತ್ರೆಯನ್ನು ಕೆಲವು ದಿನ ಮುಂದೂಡುವಂತೆ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ವಿನಂತಿಸಬೇಕಾಯಿತು. ಆಗಸ್ಟ್ ಎರಡನೆಯ ವಾರಕ್ಕೆ ಅದೇ ತಾಲೂಕಿನ ಚಾರ್ಮಾಡಿ, ದಿಡುಪೆ, ಕುಕ್ಕಾವು ಭಾಗದಲ್ಲಿ ಗುಡ್ಡ ಜರಿದು, ಹೊಳೆಗಳು ಮರದ ದಿಮ್ಮಿ, ಮರಳು ಹೊತ್ತು ತೋಟಗಳ ಮೇಲೆ ಹರಿದವು. ಚಾರ್ಮಾಡಿ ಘಟ್ಟದ ರಸ್ತೆ ಮುಚ್ಚಿತು. ಕುಡಿಯಲು ನೀರಿಲ್ಲದ ಊರು ಮುಳುಗಲು ತೊಂಬತ್ತು ದಿನ ಸಾಕಾಯಿತು. ನೇತ್ರಾವತಿಯ ಒಟ್ಟು ಉದ್ದ ಸುಮಾರು 100 ಕಿಲೋಮೀಟರ್, ಘಟ್ಟದಲ್ಲಿ ಬಿದ್ದ ನೀರು ಬೇಗನೆ ಕಡಲು ಸೇರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರನ್ನು ಕುಡಿಯುತ್ತದೆ, ಆದರೆ ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಗುಡ್ಡದ ಮಗ್ಗುಲಿನಿಂದ ಒಸರಾಗಿ ಬಿಟ್ಟುಕೊಡುತ್ತದೆ. ಆ ಒಸರನ್ನು ನಂಬಿಯೇ ಇಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು, ಮದಕ ಎಂಬ ಗುಡ್ಡದ ಕೆರೆಗಳನ್ನು ಉಳಿಸಿಕೊಂಡರು, ಮಳೆ ಮುಗಿದ ಮೇಲೆ ಊರವರು ಸೇರಿ ತೋಡಿಗೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕಿದರು. ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯಲ್ಲಿ ನೀರು ನಿಲ್ಲುತ್ತಿದ್ದ ಬೈಲು ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ನಿಲ್ಲುವ ನೀರೂ ಕಡಿಮೆಯಾಯಿತು, ಕಟ್ಟ ಹಾಕುವ ಕೈಗಳೂ ಕಡಿಮೆಯಾದವು. ಕೊಳವೆಬಾವಿಯ ಕಾಲದಲ್ಲಿ ಕಟ್ಟಕ್ಕೆ ಯಾರು ಬರುತ್ತಾರೆ ಎಂದು ಕೇಳುವವರಿಗೆ ಉತ್ತರ ಕೊಡುವುದು ಸುಲಭವಲ್ಲ. ಕೊಳವೆಬಾವಿ ಬತ್ತಿದ ಏಪ್ರಿಲ್‌ನಲ್ಲಿ ಅದೇ ಪ್ರಶ್ನೆ ಬೇರೆ ದನಿಯಲ್ಲಿ ಕೇಳುತ್ತದೆ.

ಈಗ ಡ್ರಮ್ಮಿನ ಹತ್ತಿರ ನಿಂತವರ ಬಳಿಗೆ ಮರಳಬಹುದು. ಕೊಳೆರೋಗವನ್ನು ಮಹಾಳಿ ಎಂದೂ ಕರೆಯುತ್ತಾರೆ. ಅದನ್ನು ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ಶಿಲೀಂಧ್ರ ಎಂದು ಹೇಳುವ ವಾಡಿಕೆಯಿದ್ದರೂ ಅದು ನಿಜಕ್ಕೂ ನೀರಿನ ಬೂಸ್ಟಿನ ಜಾತಿಗೆ ಸೇರಿದ್ದು. ಅದರ ಬೀಜಾಣುಗಳಿಗೆ ಈಜಲು ಬರುತ್ತದೆ. ಕಾಯಿಯ ಮೇಲೆ ಮಳೆಯ ನೀರು ತೆಳ್ಳನೆಯ ಪದರವಾಗಿ ಕೂತಿದ್ದರೆ ಸಾಕು, ಅವು ಅದರಲ್ಲಿ ಈಜಿ ತೊಟ್ಟಿನ ಹತ್ತಿರ ಸೇರಿ ಒಳಗಿಳಿಯುತ್ತವೆ. ಮೊದಲು ಕಾಣುವುದು ಕಡು ಹಸಿರಿನ, ನೀರು ಹೀರಿದಂತಹ ಕಲೆ. ಕೆಲವೇ ದಿನಗಳಲ್ಲಿ ಮರದ ಬುಡದಲ್ಲಿ ಬಿಳಿ ಬೂಸ್ಟು ಹಿಡಿದ ಕಾಯಿಗಳು ಬೀಳತೊಡಗುತ್ತವೆ. ಈ ಜೀವಿಗೆ ಬೇಕಾದದ್ದು ಹೆಚ್ಚು ಮಳೆಯಲ್ಲ, ಆರದ ತೇವ. ರಾತ್ರಿ ಒಂದು ಗಂಟೆಯಲ್ಲಿ 60 ಮಿ.ಮೀ. ಸುರಿದು ಬೆಳಿಗ್ಗೆ ಹೊಳವಾಗಿ ಬಿಸಿಲು ಬಿದ್ದರೆ ಗೊನೆ ಒಣಗುತ್ತದೆ, ತೋಟದವನು ನೆಮ್ಮದಿಯಾಗಿರುತ್ತಾನೆ. ಹಗಲು ರಾತ್ರಿ ಬಿಡದೆ ಜಿನುಗಿ 2 ಮಿ.ಮೀ. ಮಾತ್ರ ಬಿದ್ದ ದಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನವೇ ಅಲ್ಲ, ಏಕೆಂದರೆ 2.5 ಮಿ.ಮೀ. ಆದರೆ ಮಾತ್ರ ಅದು ಮಳೆಯ ದಿನ. ಕೊಳೆರೋಗದ ಲೆಕ್ಕದಲ್ಲಿ ಅದರಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಮಳೆಯಲ್ಲಿ ತೊಳೆದುಹೋಗದಂತೆ ಅದಕ್ಕೆ ರಾಳದ ಅಂಟು ಸೇರಿಸುವ ಉಪಾಯವೂ ಅವರ ಕೆಲಸದ ಭಾಗವಾಗಿತ್ತು. ನೂರು ವರ್ಷ ದಾಟಿದರೂ ಮದ್ದು ಅದೇ, ಕ್ರಮವೂ ಅದೇ: ಮುಂಗಾರು ಹಿಡಿಯುವ ಮುನ್ನ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಮುಂದುವರಿದರೆ ಮೂರನೆಯ ಸಲ. ಈ ಕ್ರಮದಲ್ಲಿ ಒಂದು ನಂಬಿಕೆ ಅಡಗಿದೆ. ಜೂನ್ ಆರಂಭದಲ್ಲೂ ಜುಲೈ ನಡುವಿನಲ್ಲೂ ಕೆಲವು ದಿನ ಹೊಳವು ಸಿಕ್ಕೇ ಸಿಗುತ್ತದೆ ಎಂಬುದೇ ಆ ನಂಬಿಕೆ. ಮಳೆ ಮೇ 24ಕ್ಕೇ ಹಿಡಿದರೆ ಮೊದಲ ಮದ್ದು ಒದ್ದೆ ಗೊನೆಯ ಮೇಲೆ ಬೀಳುತ್ತದೆ. ಜುಲೈ ಬಿಡದೆ ಸುರಿದರೆ 45 ದಿನದ ಅಂತರ 60 ದಿನವಾಗುತ್ತದೆ. ಮದ್ದಿನ ಶಕ್ತಿ ಅಷ್ಟು ದಿನ ಬಾಳುವುದಿಲ್ಲ.

ಹೊಳವು ಸಿಕ್ಕಿದರೂ ಅದು ಎಲ್ಲರಿಗೂ ಒಂದೇ ದಿನ ಸಿಗುತ್ತದೆ ಎಂಬುದು ಇನ್ನೊಂದು ಫಜೀತಿ. ಊರಿನ ಎಲ್ಲ ತೋಟದವರೂ ಅದೇ ಬೆಳಿಗ್ಗೆ ಅದೇ ನಾಲ್ಕು ಮಂದಿಗೆ ಫೋನ್ ಮಾಡುತ್ತಾರೆ. ಪಾಚಿ ಕಟ್ಟಿದ ಮರವನ್ನು ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿ ಏರಿ, ಒಂದರಿಂದ ಇನ್ನೊಂದಕ್ಕೆ ದಾಟುವ ಕಸುಬು ಬಲ್ಲವರು ಈಗ ಕೆಲವರೇ. ನೆಲದಲ್ಲಿ ನಿಂತೇ ಮದ್ದು ಬಿಡಬಹುದಾದ ಕಾರ್ಬನ್ ಫೈಬರ್ ದೋಟಿಗಳು ಬಂದದ್ದು ಈ ಭಾಗದ ಕೃಷಿಯಲ್ಲಿ ಇತ್ತೀಚಿನ ದೊಡ್ಡ ಬದಲಾವಣೆ ಎಂದು ನನ್ನ ಎಣಿಕೆ. ದೋಟಿ ಮರವನ್ನು ಒಣಗಿಸುವುದಿಲ್ಲ ನಿಜ, ಆದರೆ ಎರಡು ಗಂಟೆಯ ಹೊಳವನ್ನು ಜನಕ್ಕಾಗಿ ಕಾಯುತ್ತಾ ಕಳೆಯುವುದನ್ನು ತಪ್ಪಿಸುತ್ತದೆ.

ಕೊಯ್ಲಿನ ಹೊತ್ತಿಗೆ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ದಕ್ಷಿಣ ಕನ್ನಡದ್ದು ಚಾಲಿ ಅಡಿಕೆ. ಹಣ್ಣಾದ ಕಾಯಿಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ ಒಂದೂವರೆ ತಿಂಗಳಷ್ಟು ಬಿಸಿಲಿಗೆ ಒಣಗಿಸಬೇಕು. ಅಕ್ಟೋಬರ್, ನವೆಂಬರ್‌ಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗುತ್ತಾ ಬರುವ ಮಳೆ ಪಡುವಣದಿಂದಲ್ಲ, ಮೂಡಣದ ಘಟ್ಟದ ಕಡೆಯಿಂದ ಬರುತ್ತದೆ. ಸಂಜೆಯೊಳಗೆ ಅಡಿಕೆ ರಾಶಿ ಮಾಡಿ ಟರ್ಪಾಲು ಮುಚ್ಚುವುದು ಆ ದಿನಗಳ ದಿನಚರಿ. ಡಿಸೆಂಬರ್‌ನಲ್ಲೂ ಹೀಗಾದರೆ ಒದ್ದೆಯಾದ ಅಡಿಕೆ ಒಳಗೆ ಕಪ್ಪಾಗಿ ದರ್ಜೆ ಇಳಿಯುತ್ತದೆ. ಅದಕ್ಕಾಗಿ ಪಾರದರ್ಶಕ ಪ್ಲಾಸ್ಟಿಕ್ ಮಾಡಿನ ಒಣಮನೆಗಳು ಅಂಗಳಗಳಲ್ಲಿ ಎದ್ದಿವೆ. ಚಳಿಗಾಲದ ಮಳೆ ಮತ್ತು ಮೋಡ ಗೇರಿನ ಹೂವನ್ನು ಕರಟಿಸುತ್ತವೆ. ರಬ್ಬರಿನವರು ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿ ಮಳೆಯಲ್ಲೂ ಟ್ಯಾಪಿಂಗ್ ಮಾಡುತ್ತಾರಾದರೂ ಹಾಲು ಸುರಿಯಲು ಒಂದಿಷ್ಟು ಹೊಳವು ಅವರಿಗೂ ಬೇಕು. ಕಾಳುಮೆಣಸಿನದು ಇದಕ್ಕೆ ತಿರುವು: ಬೇಸಗೆಯ ಒಣಗಾಲದ ನಂತರ ಒಳ್ಳೆಯ ಮಳೆ ಬಿದ್ದರೆ ಕರೆ, ಅಂದರೆ ಮೆಣಸಿನ ತೆನೆ, ಬರುತ್ತದೆ, ಬೇಸಗೆಯೇ ಒದ್ದೆಯಾದರೆ ಬಳ್ಳಿ ಗೊಂದಲಕ್ಕೆ ಬೀಳುತ್ತದೆ.

ಇಷ್ಟೆಲ್ಲ ಹೊಳವಿನ ಮೇಲೆ ನಿಂತಿರುವಾಗ ಮುನ್ಸೂಚನೆಯೂ ಪರಿಹಾರವೂ ಏನನ್ನು ಅಳೆಯುತ್ತವೆ ಎಂದು ನೋಡಬೇಕು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮಾರನೆಯ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆ ಅವಧಿಯಲ್ಲಿ 64.5 ಮಿ.ಮೀ. ಆದರೆ ಭಾರಿ ಮಳೆ, 115.6 ಆದರೆ ಅತಿ ಭಾರಿ, 204.5 ಆದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇದರ ಸುತ್ತ ಹೆಣೆದಿವೆ. ಶಾಲೆಗೆ ರಜೆ ಕೊಡಲು, ಮೀನುಗಾರರನ್ನು ತಡೆಯಲು, ಘಟ್ಟದ ರಸ್ತೆ ಮುಚ್ಚಲು ಈ ವ್ಯವಸ್ಥೆ ಬೇಕೇ ಬೇಕು, ಅದರಿಂದ ಜೀವಗಳು ಉಳಿದಿವೆ. ಆದರೆ ಕಿತ್ತಳೆ ಎಚ್ಚರಿಕೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಳೆ ಬಿಟ್ಟೀತೇ ಎಂಬುದೇ ತೋಟದವನ ಪ್ರಶ್ನೆ. ಇಡೀ ಜಿಲ್ಲೆಗೆ ಒಂದು ಬಣ್ಣ ಬಳಿದ ನಕ್ಷೆಯಲ್ಲಿ ಅದಕ್ಕೆ ಉತ್ತರವಿಲ್ಲ. ಅವನು ಕೊನೆಗೆ ನೋಡುವುದು ಮೊಬೈಲಿನ ಉಪಗ್ರಹ ಚಿತ್ರ, ಮತ್ತು ಪಡುವಣದ ಊರಿನ ನೆಂಟರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ‘ಇಲ್ಲಿ ಬಿಟ್ಟಿತು’ ಎಂಬ ಎರಡು ಪದ.

ವಿಮೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಅಡಿಕೆ ಮತ್ತು ಕಾಳುಮೆಣಸಿಗೆ ಇಲ್ಲಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇ 5 ಅಂದರೆ 6,400 ರೂಪಾಯಿ ರೈತರ ಕಂತು. ತೋಟದಲ್ಲಿ ಎಷ್ಟು ಕಾಯಿ ಉದುರಿತು ಎಂದು ಯಾರೂ ಬಂದು ನೋಡುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ಮತ್ತು ಹವಾಮಾನ ಕೇಂದ್ರದ ಅಂಕಿಗಳು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಪರಿಹಾರ ತಾನಾಗಿ ಲೆಕ್ಕವಾಗುತ್ತದೆ. ತತ್ವವಾಗಿ ಇದು ಒಳ್ಳೆಯದೇ. ಲಂಚ, ಶಿಫಾರಸು, ಮಹಜರು ಯಾವುದಕ್ಕೂ ಇಲ್ಲಿ ಎಡೆಯಿಲ್ಲ. ಆದರೆ ಇಡೀ ಪಂಚಾಯಿತಿಯ ಭಾಗ್ಯ ಒಂದು ಮಾಪಕದ ಮೇಲೆ ನಿಂತಾಗ ಅದರ ಬಾಯಿಗೆ ಒಣ ಎಲೆ ಬಿದ್ದರೂ, ಪಕ್ಕದ ಮರದ ಕೊಂಬೆ ಅದರ ಮೇಲೆ ಚಾಚಿದರೂ ನೂರಾರು ಮನೆಗಳ ಪರಿಹಾರ ಏರುಪೇರಾಗುತ್ತದೆ. ಘಟ್ಟದ ಬುಡದಲ್ಲಿ ಎರಡು ಮೈಲಿಗೊಂದು ಮಳೆ ಎಂಬುದು ಎಲ್ಲರಿಗೂ ಗೊತ್ತು. ಮಾಪಕ ಸರಿಯಿದ್ದರೂ ಅದು ಅಳೆಯುವುದನ್ನು ಬಿದ್ದ ನೀರಿನ ಮೊತ್ತವಾಗಿಯೇ ಓದಿದರೆ, ರೋಗ ತಂದ ಬಿಡದ ಜಿನುಗು ಲೆಕ್ಕಕ್ಕೆ ಬರದೆ ಹೋಗಬಹುದು, ಏನೂ ಹಾನಿ ಮಾಡದ ಒಂದು ರಾತ್ರಿಯ ಮುಸಲಧಾರೆ ಲೆಕ್ಕಕ್ಕೆ ಬರಬಹುದು.

ಸೋಜಿಗದ ಸಂಗತಿ ಎಂದರೆ ಬೇಕಾದ ಅಂಕಿ ಆಗಲೇ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗಳಲ್ಲಿ ನೆಟ್ಟಿರುವ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವಂಥವು. 15 ನಿಮಿಷಕ್ಕೊಮ್ಮೆ ಮಳೆ ಎಷ್ಟಾಯಿತೆಂದು ತಿಳಿದಿದ್ದರೆ, ಮಳೆ ಎಷ್ಟು ಹೊತ್ತು ಬಿಟ್ಟಿತ್ತು ಎಂಬುದು ಕೂಡಿ ಕಳೆಯುವ ಲೆಕ್ಕ. ಜುಲೈ ತಿಂಗಳಲ್ಲಿ ಹಗಲಿನ ಹೊತ್ತು ಮೂರು ಗಂಟೆಗೆ ಕಡಿಮೆಯಿಲ್ಲದ ಹೊಳವು ಎಷ್ಟು ದಿನ ಸಿಕ್ಕಿತು ಎಂಬ ಒಂದೇ ಸಾಲನ್ನು ಪ್ರತಿ ಪಂಚಾಯಿತಿಗೂ ಪ್ರಕಟಿಸಿದರೆ ಅದು ವಿಮೆಯ ಮಿತಿಯನ್ನು ಗೊತ್ತುಪಡಿಸುವವರಿಗೂ, ವಿಟ್ಲದಲ್ಲಿ ಅಡಿಕೆಯ ಮೇಲೆ ಕೆಲಸ ಮಾಡುವ ಸಂಶೋಧಕರಿಗೂ, ಎರಡನೆಯ ಮದ್ದಿಗೆ ದಿನ ಹುಡುಕುವವನಿಗೂ ಒಂದು ಆಧಾರವಾದೀತು. ಹತ್ತು ವರ್ಷದ ಅಂತಹ ಸಾಲು ಕೈಯಲ್ಲಿದ್ದರೆ, ಕಾಲ ಕೆಟ್ಟಿತೋ ಇಲ್ಲವೋ ಎಂಬ ಜಗಲಿಯ ಚರ್ಚೆಗೂ ಒಂದು ನೆಲೆ ಸಿಕ್ಕೀತು.

ಸುಳ್ಯ, ಪುತ್ತೂರಿನ ಕಡೆ ಕೆಲವು ಕೃಷಿಕರು ದಶಕಗಳಿಂದ ತಮ್ಮ ಅಂಗಳದಲ್ಲೇ ಮಳೆ ಅಳೆದು ಬರೆಯುತ್ತಿದ್ದಾರೆ. ಬೆಳಿಗ್ಗೆ ಗಾಜಿನ ಅಳತೆಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಹಳೆಯ ಡೈರಿಯಲ್ಲಿ ದಿನಾಂಕದ ಎದುರು ಅಂಕಿ ಬರೆಯುವುದು ಅವರಿಗೆ ಹಲ್ಲುಜ್ಜಿದಷ್ಟೇ ಸಹಜ. ನಾನು ನೋಡಿದ ಅಂತಹ ಒಂದು ಡೈರಿಯಲ್ಲಿ ಜುಲೈಯ ಪುಟಗಳ ತುಂಬ 80, 112, 64 ಎಂಬಂತಹ ಅಂಕಿಗಳಿದ್ದವು. ಅವುಗಳ ಪಕ್ಕದ ಖಾಲಿ ಜಾಗದಲ್ಲಿ, ಮಿಲಿಮೀಟರಿನ ಸಾಲಿಗೆ ಸೇರದಂತೆ ಪೆನ್ಸಿಲಿನಲ್ಲಿ, ಅಲ್ಲೊಂದು ಇಲ್ಲೊಂದು ದಿನ ಹೀಗೆ ಬರೆದಿತ್ತು: ‘10ರಿಂದ 12.30 ಹೊಳವು. ಕೆಳಗಿನ ತೋಟಕ್ಕೆ ಮದ್ದು ಆಯಿತು. ಮೇಲಿನದು ಬಾಕಿ.’